ನಡುರಸ್ತೆಯಲ್ಲಿ ಚೌಕಾಸಿ ನಡೆಯದು

ಕಾರು ಕೊಳ್ಳುವಾಗ ಸಾಲದ ಕಂತು, ಪೆಟ್ರೋಲು, ವಿಮೆ ಇಷ್ಟನ್ನು ಎಲ್ಲರೂ ಲೆಕ್ಕ ಹಾಕುತ್ತೇವೆ. ಕಾರು ಕೈಕೊಡುವ ದಿನದ ಖರ್ಚನ್ನು ಬರೆದಿಡುವವರು ಕಡಿಮೆ. ಬೆಂಗಳೂರಿನಲ್ಲಿ ಆ ದಿನ ಬಂದೇ ಬರುತ್ತದೆ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಹೊರ ವರ್ತುಲ ರಸ್ತೆಯಲ್ಲಿ ದಿನವೂ ಮೊದಲ ಗೇರಿನಲ್ಲಿ ತೆವಳುವ ಕಾರು, ಹೆದ್ದಾರಿಯಲ್ಲಿ ಅಷ್ಟೇ ಕಿಲೋಮೀಟರ್ ಓಡುವ ಕಾರಿಗಿಂತ ಬೇಗ ಸವೆಯುತ್ತದೆ. ಹಾಫ್ ಕ್ಲಚ್‌ನಲ್ಲೇ ಹೋಗಿ ಹೋಗಿ ಕ್ಲಚ್ ಪ್ಲೇಟ್ ತೇಯುತ್ತದೆ. ಕಾರು ಓಡುತ್ತಿದ್ದರೆ ಎದುರುಗಾಳಿಯೇ ರೇಡಿಯೇಟರನ್ನು ತಂಪು ಮಾಡುತ್ತದೆ. ನಿಂತಲ್ಲೇ ನಿಂತಾಗ ಆ ಭಾರವೆಲ್ಲ ಒಂದು ಫ್ಯಾನಿನ ಮೇಲೆ ಬೀಳುತ್ತದೆ.

ನನ್ನ ಕಾರು ನಿಂತದ್ದು ಇಬ್ಬಲೂರು ದಾಟಿ ಬೆಳ್ಳಂದೂರಿನ ಕಡೆಗೆ ಹೋಗುವಾಗ, ಸಂಜೆ ಆಫೀಸು ಬಿಡುವ ಹೊತ್ತಿಗೆ. ಮೊದಲು ಎ.ಸಿ.ಯಿಂದ ಬಿಸಿಗಾಳಿ ಬಂತು. ಮೀಟರ್ ನೋಡಿದರೆ ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟಿ ಕೆಂಪು ಗೆರೆಯ ಹತ್ತಿರ ಹೋಗಿತ್ತು. ನಾಲ್ಕೂ ಇಂಡಿಕೇಟರ್ ಹಾಕಿ ಎಂಜಿನ್ ಆಫ್ ಮಾಡಿದೆ. ಪಕ್ಕದಲ್ಲಿದ್ದ ಅಮ್ಮ, "ಇನ್ನೊಂಚೂರು ಹೋದ್ರೆ ಪೆಟ್ರೋಲ್ ಬಂಕ್ ಸಿಗತ್ತಲ್ಲೇ" ಅಂದಳು. ಹಿಂದೆ ಬಸ್ಸು, ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ಗಾಡಿಗಳು, ಎಲ್ಲರದ್ದೂ ಹಾರ್ನು.

ಇಡೀ ಪ್ರಸಂಗದಲ್ಲಿ ಅತಿ ದುಬಾರಿಯಾಗಬಹುದಾಗಿದ್ದದ್ದು ಆ "ಇನ್ನೊಂಚೂರು". ಈಗಿನ ಎಂಜಿನ್‌ಗಳ ಹೆಡ್ ಅಲ್ಯೂಮಿನಿಯಮ್ಮಿನದು. ಕೂಲಂಟ್ ಇಲ್ಲದೆ ಓಡಿಸಿದರೆ ಅದು ಕಾದು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಆಮೇಲೆ ಹೆಡ್ ಬಿಚ್ಚಿ ಫೇಸಿಂಗ್‌ಗೆ ಕಳಿಸಿ, ಗ್ಯಾಸ್ಕೆಟ್ ಕಿಟ್ ಹಾಕಿಸಿ ಮತ್ತೆ ಕೂರಿಸುವಷ್ಟರಲ್ಲಿ ಬಿಲ್ಲು ಹತ್ತಾರು ಸಾವಿರಕ್ಕೆ ಏರುತ್ತದೆ. ನನ್ನ ಕಾರಿನಲ್ಲಿ ಹೋಗಿದ್ದದ್ದು ರೇಡಿಯೇಟರಿನ ಮೇಲಿನ ಹೋಸ್ ಪೈಪು. ಪೈಪು, ಕ್ಲಾಂಪು, ಕೂಲಂಟು, ಕೂಲಿ ಎಲ್ಲ ಸೇರಿ ಎರಡೂವರೆ ಸಾವಿರ ರೂಪಾಯಿಯೊಳಗೆ ಮುಗಿಯಿತು. ಹಾರ್ನು ಹೊಡೆಯುವವರು ಹೊಡೆಯಲಿ, ಅವರ್ಯಾರೂ ನಮ್ಮ ಗ್ಯಾರೇಜ್ ಬಿಲ್ಲು ಕಟ್ಟುವುದಿಲ್ಲ. ಮುಳ್ಳು ಕೆಂಪಿಗೆ ಬಂದ ಮೇಲೆ ಗಾಡಿ ಓಡಿಸುವುದು ಬೇಡವೇ ಬೇಡ.

ಟ್ರಾಫಿಕ್ ಪೊಲೀಸ್ ಒಬ್ಬರು ಬೈಯುತ್ತಾರೇನೋ ಅಂದುಕೊಂಡರೆ, ಬಂದವರೇ "ಮೇಡಂ, ನ್ಯೂಟ್ರಲ್‌ಗೆ ಹಾಕಿ, ಕೀ ಆನ್ ಇರ್ಲಿ, ಸ್ಟೇರಿಂಗ್ ಹಿಡ್ಕೊಳ್ಳಿ, ನಾವು ತಳ್ತೀವಿ" ಅಂದರು. ಕೀ ಆನ್‌ನಲ್ಲಿ ಇರಬೇಕು, ಇಲ್ಲದಿದ್ದರೆ ಸ್ಟೇರಿಂಗ್ ಲಾಕ್ ಆಗುತ್ತದೆ. ಎಂಜಿನ್ ಆಫ್ ಆದ ಮೇಲೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಜೋರಾಗಿ ಒತ್ತಬೇಕು. ಬೈಕಿನ ಹುಡುಗನೊಬ್ಬ ನೀರಿನ ಬಾಟಲಿ ಹಿಡಿದು ಬಂದು ಬಾನೆಟ್ಟಿಗೆ ಕೈ ಹಾಕಿದ. ಬೇಡಪ್ಪಾ ಅಂದು ತಡೆದೆ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಗಾಡಿ ಪಕ್ಕಕ್ಕೆ ಬಂದ ಸ್ವಲ್ಪ ಹೊತ್ತಿಗೆ ಯಾರೂ ಕರೆಯದೆಯೇ ಒಂದು ಟೋಯಿಂಗ್ ಗಾಡಿ ಬಂತು. ಎಚ್ಎಸ್ಆರ್ ಲೇಔಟಿನಲ್ಲಿರುವ ನನ್ನ ಗ್ಯಾರೇಜಿಗೆ ನಾಲ್ಕು ಸಾವಿರ ಕೇಳಿದರು. ಹತ್ತಿರದಲ್ಲೇ ಇರುವ ಜಾಗ ಅದು. ಕತ್ತಲಾಗುತ್ತಿದೆ, ಅಮ್ಮ ಜೊತೆಗಿದ್ದಾಳೆ, ಇಂಥ ಹೊತ್ತಿನಲ್ಲಿ ಎದುರಿನವರು ಹೇಳಿದ್ದೇ ರೇಟು. ತರಕಾರಿ ಕೊಳ್ಳುವಾಗ ಮುಂದಿನ ಅಂಗಡಿಗೆ ಹೋಗುತ್ತೇವೆ ಅನ್ನಬಹುದು, ಇಲ್ಲಿ ಹೋಗುವುದೆಲ್ಲಿಗೆ? ಆದ್ದರಿಂದ ಈ ವ್ಯವಹಾರ ಮನೆಯಲ್ಲಿ ಆರಾಮಾಗಿ ಕೂತಿರುವಾಗಲೇ ಮುಗಿದಿರಬೇಕು. ವಿಮೆ ನವೀಕರಿಸುವಾಗ ಕೆಲವು ನೂರು ರೂಪಾಯಿ ಹೆಚ್ಚು ಕೊಟ್ಟು ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿಸಿದ್ದೆ. ಫೋನ್ ಮಾಡಿದೆ. ಬರಲು ಒಂದು ಗಂಟೆಯ ಮೇಲಾಯಿತು, ಆದರೆ ಫ್ಲಾಟ್‌ಬೆಡ್ ಗಾಡಿ ಬಂತು, ಟೋಯಿಂಗ್‌ಗೆ ಕಾಸು ಕೊಡಬೇಕಾಗಲಿಲ್ಲ. ನಿಮ್ಮದು ಆಟೊಮ್ಯಾಟಿಕ್ ಅಥವಾ ಎಲೆಕ್ಟ್ರಿಕ್ ಕಾರಾದರೆ ಫ್ಲಾಟ್‌ಬೆಡ್ಡೇ ಬೇಕು ಎಂದು ಫೋನಿನಲ್ಲೇ ಹೇಳಿ. ಓಡಿಸುವ ಚಕ್ರಗಳು ನೆಲದ ಮೇಲೆ ಉರುಳುವಂತೆ ಎಳೆದರೆ ಗೇರ್‌ಬಾಕ್ಸಿಗೂ ಮೋಟರಿಗೂ ಪೆಟ್ಟು.

"ನಂದು ಫುಲ್ ಇನ್ಶೂರೆನ್ಸ್ ಇದೆ, ಎಲ್ಲ ಅವರೇ ನೋಡ್ಕೊಳ್ತಾರೆ" ಎಂದು ನಂಬಿದವರು ಪಾಲಿಸಿಯನ್ನು ಒಮ್ಮೆ ಬಿಡಿಸಿ ಓದಬೇಕು. ಕಾಂಪ್ರಹೆನ್ಸಿವ್ ಪಾಲಿಸಿ ಅಪಘಾತ, ಕಳವು, ಬೆಂಕಿ, ನೆರೆಯಂಥವಕ್ಕೆ ಕೊಡುತ್ತದೆ. ಯಂತ್ರ ತಾನಾಗಿ ಕೆಟ್ಟರೆ ಕೊಡುವುದಿಲ್ಲ. ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪಾಲಿಸಿಯಲ್ಲಿ ಖಾಸಗಿ ಕಾರನ್ನು ಎಳೆದೊಯ್ಯಲು ಸಿಗುವುದು 1,500 ರೂಪಾಯಿವರೆಗೆ, ಅದೂ ಅಪಘಾತವಾಗಿದ್ದರೆ. ರೋಡ್‌ಸೈಡ್ ಸೇವೆಗೂ ಮಿತಿಗಳಿವೆ: ವರ್ಷಕ್ಕೆ ಎಷ್ಟು ಸಲ, ಎಷ್ಟು ಕಿಲೋಮೀಟರ್, ಕಾರಿಗೆ ಎಷ್ಟು ವಯಸ್ಸಾಗುವವರೆಗೆ. ಬಿಡಿಭಾಗದ ದುಡ್ಡು ಹೇಗಿದ್ದರೂ ನಮ್ಮದೇ.

ಇನ್ನು ಮಳೆಗಾಲದ ಮಾತು. 2022ರ ಸೆಪ್ಟೆಂಬರಿನಲ್ಲಿ ಇದೇ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಆಸುಪಾಸೆಲ್ಲ ಮುಳುಗಿತ್ತು. ನೀರಿನಲ್ಲಿ ನಿಂತ ಕಾರನ್ನು ಸೆಲ್ಫ್ ಹೊಡೆದು ಎಬ್ಬಿಸಲು ಹೋದರೆ ಸಿಲಿಂಡರಿಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಪ್ರೊಟೆಕ್ಟ್ ಎಂಬ ಆ್ಯಡ್-ಆನ್ ಇಲ್ಲದವರಿಗೆ ಆ ಕ್ಲೇಮು ಸಿಗುವುದು ಬಹಳ ಕಷ್ಟ. ತಗ್ಗಿನ ಬಡಾವಣೆಯಲ್ಲಿ ಇರುವವರು ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು. ತಳ್ಳುವಾಗ ಬಂಪರಿಗೆ ಗೀರು ಬಿತ್ತು ಎಂಬಂಥ ಸಣ್ಣ ಕ್ಲೇಮುಗಳನ್ನು ಮಾತ್ರ ಯೋಚಿಸಿ ಮಾಡಿ. ಸತತ ಐದು ವರ್ಷ ಕ್ಲೇಮು ಮಾಡದವರಿಗೆ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನಲ್ಲಿ ಶೇ 50ರಷ್ಟು ನೋ ಕ್ಲೇಮ್ ಬೋನಸ್ ಇರುತ್ತದೆ. ಆ ಪ್ರೀಮಿಯಂ 10,000 ಇದ್ದರೆ ಉಳಿತಾಯ 5,000. ಮೂರು ಸಾವಿರದ ಗೀರಿಗಾಗಿ ಅದನ್ನು ಕಳೆದುಕೊಂಡರೆ ಮತ್ತೆ ಶೇ 20ರಿಂದ ಮೇಲೇರಬೇಕು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಅಣ್ಣ ಹಳೇ ಪೈಪನ್ನು ಬಗ್ಗಿಸಿ ತೋರಿಸಿದರು. ಹೊರಗಿನಿಂದ ಏನೂ ಕಾಣದು. ಕ್ಲಾಂಪ್ ಕಚ್ಚಿದ ಜಾಗದಲ್ಲಿ ಮಾತ್ರ ಉಗುರಿನಷ್ಟು ಉದ್ದದ ಸೀಳು, ಸುತ್ತ ಒಣಗಿದ ಕೂಲಂಟಿನ ಹಸಿರು ಪುಡಿ. "ಕೆಳಗಿನ ಪೈಪೂ ಇದೇ ವಯಸ್ಸಿಂದು ಮೇಡಂ, ಹಾಕ್ಸಿಬಿಡಿ" ಅಂದರು. ಹಾಕಿಸಿದೆ. ಇಂಥ ಮಾತನ್ನು ನಂಬಬಹುದಾದ ಒಬ್ಬ ಮೆಕ್ಯಾನಿಕ್ಕನ್ನು ಗಾಡಿ ಚೆನ್ನಾಗಿರುವಾಗಲೇ ಹುಡುಕಿಟ್ಟುಕೊಳ್ಳಬೇಕು. ಗೊತ್ತಿಲ್ಲದ ಗ್ಯಾರೇಜಾದರೆ ಕೆಲಸ ಶುರು ಮಾಡುವ ಮುಂಚೆ ಎಸ್ಟಿಮೇಟ್ ವಾಟ್ಸ್ಆ್ಯಪ್‌ಗೆ ಹಾಕಿಸಿಕೊಳ್ಳಿ, ತೆಗೆದ ಹಳೇ ಸಾಮಾನು ಕೈಗೆ ಕೊಡಿ ಅನ್ನಿ.

ಈ ಖರ್ಚನ್ನು ಆಪತ್ತಿಗಿಟ್ಟ ನಿಧಿಯಿಂದ ತೆಗೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ನಿಧಿ ಕೆಲಸ ಹೋದಾಗ, ಆಸ್ಪತ್ರೆ ಸೇರಿದಾಗ ಬೇಕಾಗುವ ದುಡ್ಡು. ಕಾರು ಕೆಡುವುದು ಆಪತ್ತಲ್ಲ, ಬಾಡಿಗೆ, ಕರೆಂಟು ಬಿಲ್ಲಿನ ಹಾಗೆ ಗೊತ್ತಿರುವ ಖರ್ಚೇ. ತಾರೀಖು ಮಾತ್ರ ಗೊತ್ತಿಲ್ಲ. ವಾರಂಟಿ ಮುಗಿದ ಕಾರಿಗೆ ತಿಂಗಳಿಗೆ 1,500 ರೂಪಾಯಿ ಬೇರೆ ಖಾತೆಗೆ ಹಾಕುತ್ತೇನೆ. ವರ್ಷಕ್ಕೆ 18,000 ಆಗುತ್ತದೆ. ಟೈರು, ಬ್ಯಾಟರಿ, ಕ್ಲಚ್ಚು ಎಲ್ಲ ಅದರಿಂದಲೇ.

ಅಂದು ನನ್ನನ್ನೂ ಅಮ್ಮನನ್ನೂ ಮನೆಗೆ ಬಿಟ್ಟ ಕ್ಯಾಬ್ ಚಾಲಕರು ಹೇಳಿದ ಮಾತು ಇನ್ನೂ ಕಾಡುತ್ತಿದೆ. ಅವರ ಗಾಡಿ ಹೀಗೆ ನಿಂತರೆ ರಿಪೇರಿ ಖರ್ಚಿನ ಜೊತೆ ಅಷ್ಟು ದಿನದ ದುಡಿಮೆಯೂ ಹೋಗುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. "ಕೈಸಾಲ ಮಾಡ್ತೀವಿ ಮೇಡಂ, ಬೇರೆ ದಾರಿ ಇಲ್ಲ" ಅಂದರು. ನಾನು ಹೇಳಿದ ತಿಂಗಳ ಲೆಕ್ಕ ಅವರಿಗೆ ನನಗಿಂತ ಹೆಚ್ಚು ಬೇಕು, ಹೊಂದಿಸುವುದು ನನಗಿಂತ ಕಷ್ಟ. ದಿನಕ್ಕೆ ಐವತ್ತು ರೂಪಾಯಿಯನ್ನಾದರೂ ಅಂಚೆ ಕಚೇರಿಯ ಆರ್.ಡಿ.ಗೆಂದು ತೆಗೆದಿಡಿ ಅಂದೆ. ಆ ದುಡ್ಡು ಮನೆಗೆ ಬರುವಷ್ಟರಲ್ಲೇ ಖರ್ಚಾಗಿರುತ್ತದೆ ಅಂದರು. ಹಾಗಾದರೆ ಡೀಸೆಲ್ ಹಾಕಿಸುವಾಗಲೇ, ಬಂಕಿನಲ್ಲಿ ನಿಂತೇ ಫೋನಿನಿಂದ ಬೇರೆ ಖಾತೆಗೆ ಕಳಿಸಿಬಿಡಿ ಅಂದೆ. ಅದು ಆಗಬಹುದು ಎಂದು ಒಪ್ಪಿದರು.