ದೇವರನಾಮಗಳಲ್ಲಿ ಪದಾರ್ಥ: "ಬೆಂಡಾದೆ" ಅಂದರೇನು?

ಶ್ರೀ ಗುರುಭ್ಯೋ ನಮಃ.

ಕಳೆದ ಶನಿವಾರ ಹೋಬೋಕನ್‌ನ ನಮ್ಮ ಮನೆಯಲ್ಲಿ ಭಜನೆ ಇತ್ತು. ಒಂದು ದೇವರನಾಮದಲ್ಲಿ "ಬೆಂಡಾದೆ" ಎಂಬ ಮಾತು ಬಂತು. ಇಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು, "ಆಂಟಿ, ದಾಸರು ಯಾಕೆ ಬೆಂಡ್ ಆದ್ರು? ನಮಸ್ಕಾರ ಮಾಡೋಕಾ?" ಅಂತ ಕೇಳಿದಳು. ಎಲ್ಲರೂ ನಕ್ಕೆವು. ಆದರೆ ಅರ್ಥ ಹೇಳಹೊರಟಾಗ "ಸುಸ್ತಾಯ್ತು ಅಂತ" ಎನ್ನುವುದಕ್ಕಿಂತ ಹೆಚ್ಚು ನನಗೂ ಹೊಳೆಯಲಿಲ್ಲ.

ಇದು ಇಂಗ್ಲಿಷಿನ ಬೆಂಡ್ ಅಲ್ಲ, ಕನ್ನಡದ ಬೆಂಡು. ಕೆರೆ, ಜೌಗುಗಳಲ್ಲಿ ಬೆಳೆಯುವ ಒಂದು ಗಿಡದ ದಂಟಿನ ತಿರುಳು. ನೀರಲ್ಲೇ ಬೆಳೆದರೂ ಒಣಗಿದ ಮೇಲೆ ಬೆಳ್ಳಗೆ, ಹಗುರ. ಮದುವೆಯ ಬಾಸಿಂಗಕ್ಕೆ ಬಳಸುತ್ತಿದ್ದುದು ಇದನ್ನೇ. ಈಗ ಆ ಜಾಗಕ್ಕೆ ಥರ್ಮೋಕೋಲ್ ಬಂದಿದೆ.

ಒಣಗುವುದರಲ್ಲೂ ಮೆಟ್ಟಿಲುಗಳಿವೆ. ಬಾಡಿದ ಹೂವಿನಲ್ಲಿ ಇನ್ನೂ ತೇವ ಇರುತ್ತೆ. ಬಾವಿ ಬತ್ತಿದರೂ ಮಳೆ ಬಂದರೆ ತುಂಬುತ್ತೆ. ಬೆಂಡಾಗುವುದು ಕೊನೆಯದು: ಹಸಿ ಅನ್ನುವುದೇ ಹೋಗಿ ಆಕಾರ ಮಾತ್ರ ಉಳಿಯೋದು. ಅದಕ್ಕೇ "ಒಣಗಿ ಬೆಂಡಾದ", "ಬಳಲಿ ಬೆಂಡಾದ" ಅನ್ನುತ್ತೇವೆ. "ಬೆಂದೆ" ಬೇರೆ. ಅದು "ಬೇಯು" ಧಾತುವಿನಿಂದ ಬಂದದ್ದು, ತಾಪವನ್ನು ಹೇಳುತ್ತೆ. ಹಾಡುವಾಗ ದಕಾರ, ಡಕಾರ ಅದಲುಬದಲಾಗದಂತೆ ನೋಡಿಕೊಳ್ಳಬೇಕು.

ನಮ್ಮ ತಂದೆ ಕೊನೆಯ ದಿನಗಳಲ್ಲಿ ಫೋನಿನಲ್ಲಿ "ಬೆಂಡಾಗಿದೀನಿ ಕಣಮ್ಮಾ" ಅನ್ನುತ್ತಿದ್ದರು. "ಸ್ವಲ್ಪ ರೆಸ್ಟ್ ತಗೊಳ್ಳಿ ಅಪ್ಪಾ" ಅಂದುಬಿಡುತ್ತಿದ್ದೆ. ಮಲಗಿ ಎದ್ದರೆ ಹೋಗುವ ಆಯಾಸ ಅಂದುಕೊಂಡಿದ್ದೆ. ಆ ಮಾತಿನ ಅರ್ಥ ಈ ಮಗುವಿನ ಪ್ರಶ್ನೆಯಿಂದ ಈಗ ತಿಳಿಯಿತು.

ಬೆಂಡಿಗೆ ಇನ್ನೊಂದು ಗುಣವಿದೆ. ಹಳ್ಳಿಯಲ್ಲಿ ಈಜು ಕಲಿಯುವ ಮಕ್ಕಳಿಗೆ ಬೆಂಡು ಕಟ್ಟಿ ನೀರಿಗಿಳಿಸುತ್ತಿದ್ದರು. ಮೀನಿನ ಗಾಳದ ದಾರಕ್ಕೂ ಬೆಂಡು ಕಟ್ಟುತ್ತಾರೆ. ಯಾಕೆಂದರೆ ಅದು ಮುಳುಗೋದಿಲ್ಲ. ದಾಸರು ಸಂಸಾರವನ್ನು ಸಾಗರ ಅಂದವರು. ಆ ಸಾಗರದಲ್ಲಿ "ನಾನು" ಎನ್ನುವ ಭಾರ ಪೂರ್ತಿ ಒಣಗಿದವನು ತೇಲುತ್ತಾನೆ ಅಂತ ನನಗೆ ತೋರುತ್ತದೆ. ಆದರೆ ಬೆಂಡು ತಾನಾಗಿ ದಡ ಸೇರಲಾರದು, ಅಲೆಯೇ ತಂದು ಬಿಡಬೇಕು. "ಬೆಂಡಾದೆ" ಎಂದ ಬಾಯಲ್ಲೇ "ಕಾಯೋ" ಎಂಬ ಮೊರೆ ಬರುವುದು ಅದಕ್ಕೇ ಇರಬೇಕು.

ಮುಂದಿನ ಸಲ ಹಾಡುವಾಗ ಈ ಪದದ ಹತ್ತಿರ ಒಂದು ಕ್ಷಣ ನಿಂತು ನೋಡಿ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಶ್ರೀಕೃಷ್ಣಾರ್ಪಣಮಸ್ತು.