ಸುಂಕದವನ ಮುಂದೆ ಒಂದು ಪಟ್ಟಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಎತ್ತಿನ ಗಾಡಿಯಲ್ಲಿ ಸಂತೆಗೆ ಹೋಗುತ್ತಿದ್ದವರಾದರೂ, ಅವರು ಕಂಡುಕೊಂಡ ಸತ್ಯವು ಇಂದು ದೇವನಹಳ್ಳಿಯಲ್ಲಿ ವಿಮಾನವೇರಿ, ನಡುವೆ ಎಲ್ಲಿಯೋ ಒಮ್ಮೆ ವಿಮಾನವನ್ನು ಬದಲಿಸಿ, ಟೊರಾಂಟೊ ನಗರದಲ್ಲಿ ಇಳಿದು, ಅಲ್ಲಿಯೇ ನೆಲೆಸಬೇಕೆಂದು ನಿಶ್ಚಯಿಸಿಕೊಂಡ ಕುಟುಂಬಕ್ಕೂ ಅಷ್ಟೇ ಸಲ್ಲುತ್ತದೆ. ಅಜ್ಜಿಯ ಕೊರಳಲ್ಲಿದ್ದ ಅಡ್ಡಿಕೆ, ಮದುವೆಗೆ ಬಂದ ಬೆಳ್ಳಿಯ ತಟ್ಟೆ, ಮಗಳು ಪಾಠ ಕಲಿತ ವೀಣೆ, ಇವುಗಳ ಹಿಂದಿನ ಕಥೆಯನ್ನು ಕೇಳುವ ವ್ಯವಧಾನ ಸುಂಕದ ಅಧಿಕಾರಿಗಳಿಗಿಲ್ಲ. ವಸ್ತು ಯಾರದು, ಎಂದಿನಿಂದ ನಿಮ್ಮ ಬಳಿ ಇದೆ, ಅದರ ಬೆಲೆಯೆಷ್ಟು ಎಂಬ ಮೂರು ಪ್ರಶ್ನೆಗಳೇ ಅವರವು. ಮೂರಕ್ಕೂ ಕಾಗದದ ಮೇಲೆ ಉತ್ತರವುಳ್ಳವನು ನಿಶ್ಚಿಂತನಾಗಿ ಹೊರಬೀಳುವನು, ಬಾಯಲ್ಲಿ ಮಾತ್ರ ಉತ್ತರವುಳ್ಳವನು ಬೆಂಚಿನ ಮೇಲೆ ಕುಳಿತಿರುವನು.

ನೆಲೆಸುವ ಉದ್ದೇಶದಿಂದ ಮೊದಲ ಬಾರಿಗೆ ಬರುವವನನ್ನು ಕೆನಡಾದ ಸುಂಕಶಾಸನವು ‘ಸೆಟ್ಲರ್’ ಎಂದು ಕರೆಯುತ್ತದೆ. ಹನ್ನೆರಡು ತಿಂಗಳಿಗೆ ಕಡಿಮೆಯಿಲ್ಲದ ವಾಸದ ಸಂಕಲ್ಪವು ಈ ವರ್ಗದ ಲಕ್ಷಣ. ವ್ಯಾಸಂಗಕ್ಕಾಗಿ ಹೋಗುವ ವಿದ್ಯಾರ್ಥಿಯೂ 36 ತಿಂಗಳಿಗೆ ಮೀರದ ತಾತ್ಕಾಲಿಕ ಉದ್ಯೋಗಕ್ಕೆ ಹೋಗುವವನೂ ಇದರೊಳಗೆ ಬಾರರು. ಅವರ ನಿಯಮಗಳು ಬೇರೆ. ಸೆಟ್ಲರಿಗೆ ತನ್ನ ಮನೆಬಳಕೆಯ ಹಾಗೂ ಸ್ವಂತದ ವಸ್ತುಗಳನ್ನು ಸುಂಕವಿಲ್ಲದೆ ಒಯ್ಯುವ ಹಕ್ಕುಂಟು. ಆದರೆ ವಸ್ತುವಿನ ಸ್ವಾಮ್ಯ ಅವನದಾಗಿರಬೇಕು, ಅದು ಅವನ ಸ್ವಾಧೀನದಲ್ಲಿ ಇದ್ದಿರಬೇಕು, ಆಗಮನಕ್ಕೆ ಮೊದಲೇ ಅವನು ಅದನ್ನು ಬಳಸಿಯೂ ಇರಬೇಕು. ನಮ್ಮವರು ಮರೆಯುವುದು ಈ ಮೂರನೆಯದನ್ನು. ಹೊರಡುವ ಹಿಂದಿನ ವಾರ ಕೊಂಡ ಮಿಕ್ಸಿಯನ್ನು, ಪರದೇಶಕ್ಕೆ ಹೊಸದಾಗಿಯೇ ಹೋಗಲಿ ಎಂಬ ಮಮತೆಯಿಂದ ಅಂಗಡಿಯ ಪೆಟ್ಟಿಗೆಯ ಅಂಟುಪಟ್ಟಿಯನ್ನೂ ಬಿಚ್ಚದೆ ಒಯ್ದರೆ, ಆ ಹೊಸತನವೇ ಅದಕ್ಕೆ ಮುಳುವಾಗಿ ಅದು ಸುಂಕಕ್ಕೆ ಒಳಗಾದೀತು. ಅದೇ ಮಿಕ್ಸಿಯಲ್ಲಿ ಆರು ತಿಂಗಳು ಚಟ್ನಿ ಅರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಶಾಸನವು ಇಲ್ಲಿ ಒಂದೆಡೆ ದಾಕ್ಷಿಣ್ಯ ತೋರಿದೆ. ಆಗಮನಕ್ಕೆ ಹಿಂದಿನ ಮೂರು ತಿಂಗಳೊಳಗೆ ವಿವಾಹವಾದವರು, ಅಥವಾ ಬಂದ ಮೂರು ತಿಂಗಳೊಳಗೆ ವಿವಾಹವಾಗಲಿರುವವರು, ಮದುವೆಯ ಉಡುಗೊರೆಗಳನ್ನು ಬಳಸದೆಯೇ ಒಯ್ಯಬಹುದು; ಸ್ವಾಮ್ಯ ಮತ್ತು ಸ್ವಾಧೀನಗಳೆರಡೇ ಸಾಕು. ವೈಶಾಖದಲ್ಲಿ ಧಾರೆಯಾಗಿ ಆಷಾಢ ಕಳೆಯುವ ಮುನ್ನ ಹೊರಡುವ ನವದಂಪತಿಗಳು ವಿವಾಹ ನೋಂದಣಿಯ ಪತ್ರವನ್ನು ಕೈಚೀಲದಲ್ಲೇ ಇಟ್ಟುಕೊಳ್ಳುವುದು ಲೇಸು. ಸುಂಕವಿಲ್ಲದೆ ತಂದುದನ್ನು ಮೊದಲ ಹನ್ನೆರಡು ತಿಂಗಳೊಳಗೆ ಮಾರಿದರೂ, ದಾನ ಮಾಡಿದರೂ, ಬಿಟ್ಟುಹೋದ ಸುಂಕ ಒಡನೆಯೇ ತಲೆಯ ಮೇಲೆ ಬೀಳುತ್ತದೆ.

ಇನ್ನು ಪಟ್ಟಿಯ ಮಾತು. ಜೊತೆಯಲ್ಲಿ ಬರುವ ವಸ್ತುಗಳದು ಒಂದು, ಹಡಗಿನಲ್ಲೋ ಮತ್ತೊಂದು ವಿಮಾನದಲ್ಲೋ ಹಿಂದಿನಿಂದ ಬರಲಿರುವ ವಸ್ತುಗಳದು ಇನ್ನೊಂದು, ಹೀಗೆ ಎರಡು ಪಟ್ಟಿಗಳನ್ನು ಎರಡೆರಡು ಪ್ರತಿಗಳಲ್ಲಿ ಮನೆಯಲ್ಲಿಯೇ ಸಿದ್ಧಪಡಿಸತಕ್ಕದ್ದು. ಬಿಎಸ್‌ಎಫ್ 186 ಎಂಬ ನಮೂನೆಯಲ್ಲಿ ಇವು ದಾಖಲಾಗುವುದು ಆ ದೇಶದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ. ಕೈಯಲ್ಲಿ ಒಂದು ಚೀಲವೂ ಇಲ್ಲದೆ ಬಂದಿಳಿದವನು ಸಹ ಹಿಂದಿನಿಂದ ಬರುವ ವಸ್ತುಗಳ ಪಟ್ಟಿಯನ್ನು ಆಗಲೇ ಒಪ್ಪಿಸಬೇಕು, ಏಕೆಂದರೆ ಅಂದು ಬರೆಸದ ವಸ್ತು ಮುಂದೆ ಬಂದಾಗ ವಿನಾಯಿತಿಯನ್ನು ಕೇಳುವುದು ಕಷ್ಟವಾಗುತ್ತದೆ. ‘ಪಾತ್ರೆ ಪಡಗ, ಒಂದು ಮೂಟೆ’ ಎಂದು ಬರೆಯುವ ನಮ್ಮ ಅಭ್ಯಾಸ ಅಲ್ಲಿ ನಡೆಯದು. ಪ್ರತಿಯೊಂದಕ್ಕೂ ಬೆಲೆ, ಮತ್ತು ಯಂತ್ರವಾದರೆ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ ಬೇಕು. ಒಡವೆಗಳನ್ನು ಮಾತಿನಲ್ಲಿ ವರ್ಣಿಸುವುದು ದುಸ್ತರವಾದುದರಿಂದ, ಅಕ್ಕಸಾಲಿಗನೋ ಆಭರಣದ ಅಂಗಡಿಯವನೋ ದಿನಾಂಕವಿತ್ತು ಸಹಿ ಹಾಕಿದ ಭಾವಚಿತ್ರವನ್ನೂ ಮೌಲ್ಯಪತ್ರವನ್ನೂ ಪಟ್ಟಿಗೆ ಸೇರಿಸಬೇಕು. ನಗದು ಮತ್ತು ಅದಕ್ಕೆ ಸಮನಾದ ಪತ್ರಗಳು 10,000 ಕೆನಡಾ ಡಾಲರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಘೋಷಿಸಲೇಬೇಕು; ಘೋಷಿಸಿದ ಹಣಕ್ಕೆ ತೆರಿಗೆಯಿಲ್ಲ, ಬಚ್ಚಿಟ್ಟ ಹಣಕ್ಕೆ ಮುಟ್ಟುಗೋಲುಂಟು.

ಒಳಬರುವ ದೇಶದ ನಿಯಮಗಳನ್ನು ಇಷ್ಟು ಎಚ್ಚರದಿಂದ ಓದುವವರು ಹೊರಡುವ ದೇಶಕ್ಕೂ ಒಂದು ಶಾಸನವಿದೆಯೆಂಬುದನ್ನು ಮರೆಯುತ್ತಾರೆ. ಪೂಜಾಗೃಹದಲ್ಲಿ ತಲೆಮಾರುಗಳಿಂದ ಅಭಿಷೇಕಗೊಂಡ ಕಂಚಿನ ಗೋಪಾಲಕೃಷ್ಣ, ಮುತ್ತಾತ ಬರೆಸಿದ ಮೈಸೂರು ಶೈಲಿಯ ಚಿತ್ರ, ಅಟ್ಟದ ಮೇಲಿನ ತಾಳೆಗರಿಯ ಕಟ್ಟು, ಇವು ಮನೆಯವರ ದೃಷ್ಟಿಯಲ್ಲಿ ಕುಲದ ಆಸ್ತಿ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಅಧಿನಿಯಮದ ದೃಷ್ಟಿಯಲ್ಲಿಯೋ, ನೂರು ವರ್ಷ ತುಂಬಿದ ವಿಗ್ರಹ, ಚಿತ್ರ, ನಾಣ್ಯ ಮೊದಲಾದವು, ಮತ್ತು ಶಾಸ್ತ್ರ, ಇತಿಹಾಸ, ಸಾಹಿತ್ಯಗಳ ದೃಷ್ಟಿಯಿಂದ ಮೌಲ್ಯವುಳ್ಳವಾಗಿ 75 ವರ್ಷ ತುಂಬಿದ ಹಸ್ತಪ್ರತಿಗಳು ‘ಪುರಾತನ ವಸ್ತು’ಗಳು. ಇವುಗಳನ್ನು ದೇಶದಿಂದ ಹೊರಕ್ಕೆ ಕಳುಹಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೂ ಅದರಿಂದ ಅಧಿಕಾರ ಪಡೆದ ಸಂಸ್ಥೆಗೂ ಮಾತ್ರ ಉಂಟು. ಮೀರಿದವನಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಕಾರಾವಾಸವೂ ಜುಲ್ಮಾನೆಯೂ ವಿಧಿತವಾಗಿವೆ. ತನ್ನ ಕುಲದೇವರನ್ನು ತಾನೇ ಒಯ್ಯಲಾರದೆ ಹೋಗುವುದು ಕ್ರೂರವೆಂದು ತೋರಬಹುದು. ಆದರೆ ನಮ್ಮ ಗುಡಿಗಳಿಂದ ಕಳುವಾದ ಶಿಲ್ಪಗಳು ಹೊರದೇಶದ ಸಂಗ್ರಹಾಲಯಗಳಲ್ಲಿ ನಿಂತಿರುವುದನ್ನು ನೆನೆದರೆ, ಈ ಕಾಠಿಣ್ಯವನ್ನು ನಾನು ದೂಷಿಸಲಾರೆ. ವಿಗ್ರಹ ಇತ್ತೀಚಿನದಾಗಿದ್ದು ಹಳೆಯದರಂತೆ ಕಾಣುವುದಾದರೆ, ಅದು ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಮೊದಲೇ ಪಡೆದಿರಬೇಕು. ದಂತದ ಕುಸುರಿಯುಳ್ಳ ಹಳೆಯ ಬೀಟೆಯ ಪೆಟ್ಟಿಗೆಯನ್ನೂ ಗಂಧದ ಕೊರಡನ್ನೂ ಮನೆಯಲ್ಲೇ ಬಿಟ್ಟು ಹೋಗುವುದು ಕ್ಷೇಮ.

ಒಡವೆಗಳನ್ನು ಒಯ್ಯುವವರು ಮುಂದೆ ಅವುಗಳನ್ನೇ ಧರಿಸಿ ತವರಿಗೆ ಬಂದಾಗ ಭಾರತದ ಸುಂಕಾಧಿಕಾರಿಗಳು ಪ್ರಶ್ನಿಸದಂತೆ, ಹೊರಡುವಾಗಲೇ ನಿಲ್ದಾಣದ ಕಸ್ಟಮ್ಸ್ ಕಚೇರಿಯಲ್ಲಿ ಅವುಗಳನ್ನು ತೋರಿಸಿ ರಫ್ತು ಪ್ರಮಾಣಪತ್ರವನ್ನು ಬರೆಸಿಕೊಳ್ಳುವುದು ಪ್ರಯಾಣಿಕರ ಹಕ್ಕು. ಇದಕ್ಕೆ ತಗಲುವ ಹೊತ್ತನ್ನು ಲೆಕ್ಕಹಾಕಿ ಮುಂಚಿತವಾಗಿ ಹೋಗಬೇಕು, ಮತ್ತು ಒಡವೆಯ ಚೀಲ ಸರಕಿನೊಡನೆ ಸಾಗಿಹೋಗುವ ಮುನ್ನವೇ ಈ ಕೆಲಸ ಮುಗಿದಿರಬೇಕು.

ತಿನಿಸಿನ ವಿಷಯದಲ್ಲಿ ಒಂದೇ ಮಾತು: ತಿಪಟೂರಿನ ಇಡಿಯ ಕೊಬ್ಬರಿಯ ಗಿಟಕು ಎಣ್ಣೆಯ ಅಂಶದಿಂದ ತಾನಾಗಿಯೇ ಬಿಸಿಯೇರಬಲ್ಲ ಪದಾರ್ಥವೆಂದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಸೇರಿದೆ, ತಾಯಂದಿರಿಗೆ ಇದನ್ನು ಮೊದಲೇ ತಿಳಿಸುವುದು ಒಳಿತು. ಪವರ್ ಬ್ಯಾಂಕು ಕೈಚೀಲದಲ್ಲಿಯೇ ಇರಬೇಕು. ಕೆನಡಾದಲ್ಲಿ ಇಳಿದಾಗ ಎಲ್ಲ ಆಹಾರವಸ್ತುವನ್ನೂ, ಉಪ್ಪಿನಕಾಯಿಯ ಒಂದು ಜಾಡಿಯೇ ಆಗಲಿ, ಘೋಷಿಸಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಬೆಲ್ಟಿನ ಮೇಲೆ ಎಲ್ಲರ ಪೆಟ್ಟಿಗೆಗಳು ಬಂದು ನಮ್ಮದೊಂದು ಬಾರದಿರಬಹುದು. ಪ್ರವಾಸಿಗೆ ಅದು ಎರಡು ಜೊತೆ ಬಟ್ಟೆಯ ನಷ್ಟ, ನೆಲೆಸಲು ಹೋದವನಿಗೆ ಮನೆಯ ಕಾಲುಭಾಗದ ನಷ್ಟ. ಇಲ್ಲಿ ನಮ್ಮ ರಕ್ಷಣೆಗಿರುವುದು 1999ರ ಮಾಂಟ್ರಿಯಲ್ ಒಡಂಬಡಿಕೆ. ಕೆನಡಾದಲ್ಲಿ 2003ರಿಂದಲೂ ಭಾರತದಲ್ಲಿ 2009ರಿಂದಲೂ ಅದು ಜಾರಿಯಲ್ಲಿದ್ದು, ನಮ್ಮ 1972ರ ವಿಮಾನ ಸಾಗಣೆ ಅಧಿನಿಯಮದ ಮೂರನೆಯ ಅನುಸೂಚಿಯಾಗಿ ಸೇರಿದೆ. ವಿಮಾನ ಸಂಸ್ಥೆಯ ವಶಕ್ಕೆ ಕೊಟ್ಟ ಸಾಮಾನು ನಾಶವಾದರೂ, ಕಳೆದರೂ, ಕೆಟ್ಟರೂ ಸಂಸ್ಥೆಯೇ ಹೊಣೆ. ಆ ಹೊಣೆಯ ಗರಿಷ್ಠ ಮಿತಿಯು ಒಡಂಬಡಿಕೆಯ ಪ್ರಕಾರ 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕನಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ), ಅಂದರೆ ಸುಮಾರು ಎರಡು ಸಾವಿರ ಅಮೆರಿಕನ್ ಡಾಲರು. ಇದು ಪೆಟ್ಟಿಗೆಯೊಂದಕ್ಕಲ್ಲ, ಪ್ರಯಾಣಿಕನೊಬ್ಬನಿಗೆ. ತಾನಾಗಿ ದೊರೆಯುವ ಮೊತ್ತವಲ್ಲ, ರುಜುವಾತುಪಡಿಸಿದ ನಷ್ಟಕ್ಕೆ ಇರುವ ಮೇಲ್ಮಿತಿ. ಸಾಮಾನಿನ ಬೆಲೆ ಇದಕ್ಕಿಂತ ಹೆಚ್ಚಿದ್ದರೆ, ಸಂಸ್ಥೆಗೆ ಒಪ್ಪಿಸುವಾಗಲೇ ವಿಶೇಷ ಘೋಷಣೆ ಮಾಡಿ, ಅವರು ಕೇಳಿದರೆ ಹೆಚ್ಚಿನ ಶುಲ್ಕವನ್ನು ತೆತ್ತು, ಹೊಣೆಯನ್ನು ಏರಿಸಿಕೊಳ್ಳಲು ಅವಕಾಶವುಂಟು. ಕೌಂಟರಿನಲ್ಲಿ ಯಾರೂ ಇದನ್ನು ತಾವಾಗಿ ಹೇಳುವುದಿಲ್ಲ.

ಪೆಟ್ಟಿಗೆ ಬಾರದಿದ್ದರೆ ನಿಲ್ದಾಣವನ್ನು ಬಿಡುವ ಮುನ್ನವೇ ಸಂಸ್ಥೆಯ ಕೌಂಟರಿನಲ್ಲಿ ಪಿಐಆರ್ ಎಂಬ ವರದಿಯನ್ನು ಬರೆಸಿ ಪ್ರತಿ ಪಡೆಯಬೇಕು. ಬೋರ್ಡಿಂಗ್ ಪಾಸಿಗೆ ಅಂಟಿಸಿದ ಲಗೇಜಿನ ಚೀಟಿಯನ್ನು ಎಸೆಯಬಾರದು. ಒಡೆದು ಬಂದ ಸಾಮಾನಿಗೆ ಕೈಸೇರಿದ ಏಳು ದಿನಗಳೊಳಗೆ, ತಡವಾಗಿ ಬಂದುದಕ್ಕೆ ಕೈಸೇರಿದ 21 ದಿನಗಳೊಳಗೆ, ಲಿಖಿತ ದೂರು ಸಲ್ಲಬೇಕು. 21 ದಿನಗಳಾದರೂ ಬಾರದ ಸಾಮಾನನ್ನು ಕಳೆದುಹೋದುದೆಂದೇ ಭಾವಿಸಿ ಪರಿಹಾರವನ್ನು ಕೇಳಬಹುದು. ಎರಡು ಮೂರು ಸಂಸ್ಥೆಗಳ ವಿಮಾನಗಳಲ್ಲಿ ಹೋದವನನ್ನು ಒಬ್ಬರು ಇನ್ನೊಬ್ಬರ ಕಡೆಗೆ ಅಟ್ಟುವುದುಂಟು. ಮೊದಲ ಸಂಸ್ಥೆ, ಕೊನೆಯ ಸಂಸ್ಥೆ, ನಷ್ಟ ಸಂಭವಿಸಿದ ಹಂತದ ಸಂಸ್ಥೆ, ಈ ಮೂರರಲ್ಲಿ ಯಾರ ಮೇಲಾದರೂ ಕ್ರಮ ಹೂಡುವ ಹಕ್ಕು ಪ್ರಯಾಣಿಕನದು. ದಾವೆಗೆ ಕಾಲಾವಧಿ ಎರಡು ವರ್ಷ. ಅದು ಕಳೆದರೆ ಹಕ್ಕೇ ನಶಿಸುತ್ತದೆ. ಇಲ್ಲಿ ಕೊಂಡ ಟಿಕೆಟಿನ ಕುರಿತು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಜಿಲ್ಲಾ ಆಯೋಗದ ಮುಂದೆಯೂ ಹೋಗಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿಗೆ ಮೀರದಿದ್ದರೆ ಅಲ್ಲಿ ಶುಲ್ಕವಿಲ್ಲ. ಆ ಆಯೋಗವೂ ಮೊದಲು ಕೇಳುವುದು ಪೆಟ್ಟಿಗೆಯಲ್ಲಿ ಏನಿತ್ತು, ಅದರ ಬೆಲೆಯೆಷ್ಟು ಎಂದೇ. ಆದುದರಿಂದ ಕೆನಡಾದ ಅಧಿಕಾರಿಗಳಿಗೆಂದು ಬರೆದ ಪಟ್ಟಿಯ ಮೂರನೆಯ ಪ್ರತಿಯನ್ನು, ಯಾವ ವಸ್ತು ಯಾವ ಪೆಟ್ಟಿಗೆಯಲ್ಲಿದೆ ಎಂಬ ಗುರುತಿನೊಡನೆ, ಊರಿನಲ್ಲಿ ಉಳಿಯುವ ತಂದೆತಾಯಿಗಳ ಬಳಿ ಇರಿಸಿ ಹೋಗುವುದು ಯುಕ್ತ.