ತೊಗರಿ ರೇಟು ನಮ್ಮ ಕೈಲಿಲ್ಲ, ಇಳುವರಿ ನಮ್ಮ ಕೈಲಿದೆ

ಹುಮನಾಬಾದ್, ಬಸವಕಲ್ಯಾಣದ ಕಡೆ ಡಿಸೆಂಬರ್ ಮುಗಿಯುತ್ತಿದ್ದ ಹಾಗೆ ಎಪಿಎಂಸಿಗೆ ತೊಗರಿ ಬರಲು ಶುರು. ಅದನ್ನು ಕೊಂಡು ಬೇಳೆ ಮಾಡುವ ದಾಲ್ ಮಿಲ್‌ನಲ್ಲಿ ಖರ್ಚಿನ ಬಹುಪಾಲು ಕರೆಂಟೂ ಅಲ್ಲ, ಕೂಲಿಯೂ ಅಲ್ಲ, ತೊಗರಿಯೇ. ಹಾಗಾದರೆ ಈ ಖರ್ಚನ್ನು ಹಿಡಿತದಲ್ಲಿಡೋದು ಹೇಗೆ? ಈ ಸಲ ನಾವು ಲೆಕ್ಕ ಹಾಕಿ ನೋಡೋಣ.

ಮೊದಲ ದಾರಿ, ರೇಟನ್ನು ಮುಂಚೆಯೇ ಕಟ್ಟಿಹಾಕೋದು. ಅಮೆರಿಕದ ಮಾಂಸ ಕಂಪನಿಗಳಿಗೆ ಈ ಅನುಕೂಲ ಇದೆ. ಶಿಕಾಗೋದಲ್ಲಿ 1964ರಿಂದಲೇ ದನಗಳ ವಾಯಿದಾ ವ್ಯಾಪಾರ ನಡೆಯುತ್ತಿದೆ. ನಮ್ಮಲ್ಲಿ ತೊಗರಿಯ ವಾಯಿದಾ ವ್ಯಾಪಾರವನ್ನು 2007ರ ಜನವರಿಯಲ್ಲೇ ನಿಲ್ಲಿಸಲಾಯಿತು. ಆ ಬಾಗಿಲು ಮುಚ್ಚಿದೆ.

ಎರಡನೇದು, ಸುಗ್ಗಿಯಲ್ಲಿ ಕೊಂಡು ಗೋದಾಮಿನಲ್ಲಿ ಇಡೋದು. ಬಡ್ಡಿ ಬೆಳೆಯುತ್ತೆ, ಹುಳ ಬೀಳುತ್ತೆ. 2023ರ ಜೂನ್‌ನಲ್ಲಿ ಆದ ಹಾಗೆ ಸರ್ಕಾರ ದಾಸ್ತಾನಿಗೆ ಮಿತಿ ಹಾಕಲೂಬಹುದು.

ಮೂರನೇದು ನಮ್ಮಂಥ ಎಂಜಿನಿಯರಿಂಗ್ ಹುಡುಗರ ಕೆಲಸ: ಇಳುವರಿ.

ಲೆಕ್ಕ 1: ಬೇಳೆ ಎಷ್ಟು ಬಂತು?

2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಮಾರುಕಟ್ಟೆ ದರ ಇದಕ್ಕಿಂತ ಮೇಲೆ ಕೆಳಗೆ ಆಗಬಹುದು, ಲೆಕ್ಕಕ್ಕೆ ಇದನ್ನೇ ಹಿಡಿಯೋಣ. ಕ್ವಿಂಟಲ್‌ಗೆ 70 ಕೆಜಿ ಬೇಳೆ ಬಂದರೆ ಕಿಲೋ ಬೇಳೆಗೆ ಕಚ್ಚಾಮಾಲಿನ ಖರ್ಚು 114.29 ರೂ. 75 ಕೆಜಿ ಬಂದರೆ 106.67 ರೂ. ಹೊಟ್ಟು, ಚುನಿ ದನದ ಮೇವಿಗೆ ಮಾರಾಟವಾಗುತ್ತೆ, ಅದು ಬೇರೆ ಲೆಕ್ಕ.

70 ಕೆಜಿ ತೆಗೆಯುವ ಮಿಲ್ಲೂ ಇದೇ 106.67ಕ್ಕೆ ಇಳಿಯಬೇಕಾದರೆ ತೊಗರಿಯನ್ನು ಸುಮಾರು 7,467ಕ್ಕೆ ಕೊಳ್ಳಬೇಕು. ಅಂದ್ರೆ ರೈತನಿಗೆ ಕ್ವಿಂಟಲ್‌ಗೆ 533 ರೂಪಾಯಿ ಕಡಿಮೆ. ಯಂತ್ರದಲ್ಲಿ ಆದ ನಷ್ಟ ಕೊನೆಗೆ ಯಾರ ತಲೆ ಮೇಲೆ ಬೀಳುತ್ತೆ ಅಂತ ಇಲ್ಲೇ ಗೊತ್ತಾಗುತ್ತೆ.

ಆ 5 ಕೆಜಿ ಹೋಗೋದೆಲ್ಲಿ? ದಪ್ಪ, ಸಣ್ಣ ಕಾಳು ಬೆರೆತು ಎಮರಿ ರೋಲರ್‌ಗೆ ಹೋದರೆ ದಪ್ಪ ಕಾಳು ಸವೆದು ಪುಡಿಯಾಗುತ್ತೆ, ಸಣ್ಣದು ಸಿಪ್ಪೆ ಬಿಡದೆ ಮತ್ತೆ ಮತ್ತೆ ಸುತ್ತುತ್ತೆ. ಮೊದಲೇ ಜರಡಿ ಹಿಡಿದು ಗಾತ್ರದ ಪ್ರಕಾರ ಬೇರ್ಪಡಿಸೋದು, ಎಣ್ಣೆ ಸವರಿದ ಕಾಳನ್ನು ಸರಿಯಾಗಿ ಒಣಗಿಸೋದು, ಸವೆದ ರೋಲರ್ ಬದಲಿಸೋದು, ಇಷ್ಟರಲ್ಲೇ ಬಹಳಷ್ಟು ಉಳಿಯುತ್ತೆ. ಮೈಸೂರಿನ ಸಿಎಫ್‌ಟಿಆರ್‌ಐ ಬೇಳೆ ಒಡೆಯುವ ವಿಧಾನವನ್ನು ಸುಧಾರಿಸಿದ್ದೂ ಈ ಇಳುವರಿ ಹೆಚ್ಚಿಸಲಿಕ್ಕೇ.

ಲೆಕ್ಕ 2: ನೀರಿಗೆ ಎಷ್ಟು ದುಡ್ಡು?

ಕ್ಲಾಸಿನಲ್ಲಿ ಕಲಿತ ಮಾಸ್ ಬ್ಯಾಲೆನ್ಸ್ ಇಲ್ಲಿ ಬರುತ್ತೆ. ಬೆಂಬಲ ಬೆಲೆ ಖರೀದಿಯಲ್ಲಿ ತೇವಾಂಶದ ಮಿತಿ 12%. ಕಾಳಿನಲ್ಲಿ 14% ಇದ್ದರೆ ಒಣ ಭಾಗ 88ರ ಬದಲು 86 ಕೆಜಿ. 86ನ್ನು 88ರಿಂದ ಭಾಗಿಸಿದರೆ 0.977. ಅಂದ್ರೆ ನ್ಯಾಯವಾದ ಕಡಿತ ಕ್ವಿಂಟಲ್‌ಗೆ ಸುಮಾರು 2.3 ಕೆಜಿ, ರೂಪಾಯಿಯಲ್ಲಿ 182ರಷ್ಟು. ಇದಕ್ಕಿಂತ ಕಡಿಮೆ ಹಿಡಿದರೆ ಮಿಲ್ಲಿಗೆ ನಷ್ಟ, ಹೆಚ್ಚು ಹಿಡಿದರೆ ರೈತನಿಗೆ.

ಕಾಳನ್ನು ಹಲ್ಲಲ್ಲಿ ಕಡಿದು "ಹಸಿ ಅದ" ಅಂದರೆ ಈ 2.3 ಸಿಗಲ್ಲ. ಅದಕ್ಕೆ ಮಾಯಿಶ್ಚರ್ ಮೀಟರ್ ಬೇಕು, ಅದರ ಅಂಕಿ ರೈತನಿಗೂ ಕಾಣಬೇಕು.

ನಮ್ಮಲ್ಲಿ ಎಷ್ಟೋ ಜನರ ಮನೇಲಿ ತೊಗರಿ ಬೆಳೀತಾರೆ. ನಾಳೆ ನಮ್ಮಲ್ಲೇ ಯಾರೋ ಮಿಲ್ ನಡೆಸಬಹುದು. ಖರ್ಚು ಇಳಿಸೋಕೆ ಹೊರಟಾಗ ಮೊದಲು ರೋಲರ್ ಕಡೆ ನೋಡೋಣ, ಆಮೇಲೆ ರೈತನ ಚೀಲದ ಕಡೆ.

ನಿಮಗೊಂದು ಲೆಕ್ಕ: ತೇವಾಂಶ 15% ಇದ್ದರೆ ನ್ಯಾಯವಾದ ಕಡಿತ ಎಷ್ಟು? ಉತ್ತರ ಹುಡುಕಿ, ಮನೆಯವರಿಗೂ ಹೇಳಿ.